ಗಿಣ್ಣದ ಹಾಲು ಚೆಲ್ಲಿದ ಮೋಟಾರು

ಕುಕನೂರಿನ ಪಿಂಜಾರ ಓಣಿಯ ಕೊನೆಯ ಅಂಗಳದಲ್ಲಿ ಒಂದು ಕರಿಯ ಮೋಟಾರು ನಿಂತಿದೆ. ಮೂಡಲು ಈಗಷ್ಟೆ ಬೆಳ್ಳಗಾಗುತ್ತಿದೆ. ಗಾಡಿಯ ಗಾಜುಗಳನ್ನು ನಿನ್ನೆ ಸಂಜೆಯೇ ಏರಿಸಿ, ಬಾಗಿಲುಗಳನ್ನು ಬಿಗಿಯಾಗಿ ಹಾಕಿಟ್ಟಿದ್ದಾರೆ. ಬೆಳಗಿನ ನಮಾಜು ಮುಗಿಸಿದ ಹಜರತಬೀ ಬಾಯಿ ಮುಕ್ಕಳಿಸಿಕೊಂಡು ಹೊರಗೆ ಬರುತ್ತಾರೆ. ಇನ್ನೂ ಚಹಾ ಕುಡಿದಿಲ್ಲ, ಎಲೆಅಡಿಕೆ ಹಾಕಿಲ್ಲ. ಈ ಕೆಲಸವಿರುವ ದಿನ ಅವರ ಮನೆಯ ಒಲೆ ಹೊತ್ತುವುದೂ ತಡವಾಗಿಯೇ. ಹೊಗೆ ಹೊಕ್ಕರೆ ಮೂಗು ಮಂಕಾಗುತ್ತದೆ ಎನ್ನುತ್ತಾರೆ.

ಹಿಂದಿನ ಬಾಗಿಲನ್ನು ಗೇಣಿನಷ್ಟು ತೆರೆದು ತಲೆಯನ್ನು ಒಳಗೆ ಹಾಕುತ್ತಾರೆ. ಕಣ್ಣು ಮುಚ್ಚಿ, ಸೆರಗಿನಿಂದ ಬಾಯಿ ಒತ್ತಿಹಿಡಿದು, ನಿಧಾನವಾಗಿ ಉಸಿರೆಳೆಯುತ್ತಾರೆ. ಅಂಗಳದ ಕಟ್ಟೆಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕುಳಿತಿರುವ ಡ್ರೈವರ ಗಾದಿಲಿಂಗಪ್ಪ ಕಡ್ಡಿಯನ್ನು ಅಗಿಯುವುದನ್ನೂ ನಿಲ್ಲಿಸಿ ಅವರ ಬೆನ್ನನ್ನೇ ನೋಡುತ್ತಿದ್ದಾನೆ. ತಲೆ ಹೊರಗೆ ಬರುತ್ತದೆ. ಮುಖ ನೋಡಿದರೇ ಅವನಿಗೆ ಅರ್ಥವಾಗುತ್ತದೆ.

“ಇನ್ನೂ ಐತಿ ತಮ್ಮಾ,” ಎನ್ನುತ್ತಾರೆ ಹಜರತಬೀ. “ಸಣ್ಣಗ ಐತಿ. ಆದ್ರ ಆ ಹುಡುಗಿಗೆ ಸಣ್ಣಗಿದ್ದರೂ ಸಾಕು.”

ಆ ಹುಡುಗಿ ಎಂದರೆ ಪಂಪಾವತಿ, ಈ ಮೋಟಾರಿನ ಧಣಿಗಳಾದ ಶೇಂಗಾ ವ್ಯಾಪಾರಿ ಕಳಕಪ್ಪನವರ ಸೊಸೆ. ಹೋದ ಸಲ ಬಸುರಿಯಾದಾಗ ಹೆರಿಗೆಗೆಂದು ತವರೂರು ಇರಕಲ್ಲಗಡಕ್ಕೆ ಹೋಗಿದ್ದಳು. ಬೇನೆ ತಡವಾಗಿ, ಚಕ್ಕಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ಕೂಸನ್ನು ಕಳೆದುಕೊಂಡರು. ಅವಳು ಉಳಿದದ್ದೇ ದೇವರ ದಯೆ. ಈ ಸಲ ಗದಗಿನ ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ: ಬೇನೆ ಕಾಣಿಸಿಕೊಂಡ ಕೂಡಲೇ ಹೊರಡಬೇಕು, ಚಕ್ಕಡಿಯ ಕುಲುಕಾಟ ಕೂಡದು. ರೈಲು ನಮ್ಮ ಬೇನೆ ಕೇಳಿಕೊಂಡು ಬರುವುದಿಲ್ಲ. ಹಾಗಾಗಿ ಅತ್ತೆ ವಿರೂಪಾಕ್ಷಮ್ಮನವರು ಸೊಸೆಯನ್ನು ತವರಿಗೆ ಕಳಿಸದೆ ತಮ್ಮಲ್ಲಿಯೇ ಇರಿಸಿಕೊಂಡಿದ್ದಾರೆ. ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗುವುದೇ ಕಷ್ಟ. ಗದಗಿಗೆ ಹೋಗಿಬರುವಷ್ಟನ್ನು ಡಬ್ಬಿಯಲ್ಲಿ ತುಂಬಿ ಅಡುಗೆಮನೆಯಿಂದ ದೂರ, ಬೀಗ ಹಾಕಿ ಇಟ್ಟಿದ್ದಾರೆ. ಎಲ್ಲ ಸಿದ್ಧವಾಗಿದೆ. ಆದರೆ ಪಂಪಾವತಿ ಈ ಮೋಟಾರಿನಲ್ಲಿ ಕುಳಿತುಕೊಳ್ಳಲಾರಳು. ಬಾಗಿಲು ತೆರೆದರೆ ಸಾಕು, ಕರುಳು ಕಿತ್ತು ಬರುವಂತೆ ವಾಂತಿ. ವೈದ್ಯರಿಗೆ ತೋರಿಸಲೆಂದು ಹೊರಟಾಗ ಊರ ಅಗಸೆ ದಾಟುವುದರೊಳಗೆ ಕಣ್ಣುಕತ್ತಲೆ ಬಂದು ಬಿದ್ದಳು. ಗಾಡಿಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು.

ಅದಕ್ಕೆ ಕಾರಣ ಪ್ರೀತಿಯೇ. ಇರಕಲ್ಲಗಡದಲ್ಲಿ ಪಂಪಾವತಿಯ ತಾಯಿಯ ಮನೆಯ ಎಮ್ಮೆ ಈಯಿತು. ಮಗಳಿಗೆ ಗಿಣ್ಣವೆಂದರೆ ಜೀವ. ಈದ ಎಮ್ಮೆಯ ಮೊದಲ ಹಾಲನ್ನು ನಮ್ಮ ಕಡೆ ಯಾರೂ ಮಾರುವುದಿಲ್ಲ. ಬೇಕಾದವರ ಮನೆಗೆ ಕಳಿಸುತ್ತಾರೆ. ಶೇಂಗಾ ನೋಡಲು ಆ ಊರಿಗೆ ಹೋಗಿದ್ದ ಕಳಕಪ್ಪನವರ ಮೋಟಾರಿನಲ್ಲಿ ತಾಯಿ ಒಂದು ಕೊಡ ಗಿಣ್ಣದ ಹಾಲನ್ನೂ ಒಂದು ಉಂಡೆ ಬೆಲ್ಲವನ್ನೂ ಇಟ್ಟರು. ಕೊಡದ ಬಾಯಿಗೆ ಬಟ್ಟೆ ಕಟ್ಟಿದ್ದೇನೋ ನಿಜ. ಹಳ್ಳದ ಇಳಿಜಾರಿನಲ್ಲಿ ಗಾಡಿ ಎತ್ತಿಹಾಕಿತು, ಕೊಡ ಮಗುಚಿತು. ಮನೆಗೆ ಬಂದ ಮೇಲೆ ನೋಡಿದರೆ ಹಿಂದಿನ ಸೀಟು ಮಂದವಾದ ಹಳದಿ ಹಾಲನ್ನು ಕುಡಿದು ಕುಳಿತಿತ್ತು.

ಆಮೇಲೆ ನಡೆದದ್ದನ್ನು ನೆನೆದರೆ ಹಜರತಬೀಗೆ ಈಗಲೂ ನಗು ಬರುತ್ತದೆ. ಗಾಡಿ ತಮ್ಮ ಅಂಗಳಕ್ಕೆ ಬಂದ ದಿನ ಅವರು ಕೇಳಿದ ಮೊದಲ ಪ್ರಶ್ನೆ, ಯಾವ ನೀರಿನಿಂದ ತೊಳೆದಿರಿ ಎಂದು. ವಿರೂಪಾಕ್ಷಮ್ಮನವರು ಹೆಮ್ಮೆಯಿಂದಲೇ ಹೇಳಿದರು: ಹಂಡೆ ತುಂಬ ಕುದಿಯುವ ನೀರು ಕಾಸಿ ತಾವೇ ನಿಂತು ಸುರಿಸಿದ್ದಾಗಿ.

“ಅವ್ವಾರ, ಗಿಣ್ಣ ಹೆಂಗ ಮಾಡತೀರಿ?”

“ಹೆಂಗಂದ್ರ? ಹಾಲಿಗೆ ಬೆಲ್ಲ ಹಾಕಿ ಹಬಿಯಾಗ ಇಡತೀನಿ, ಬಿಸಿಗೆ ಗಟ್ಟಿ...” ಎಂದವರು ಅಲ್ಲಿಗೇ ನಿಂತರು. ಸೆರಗನ್ನು ಬಾಯಿಗಿಟ್ಟುಕೊಂಡರು. ಸಾಲು ಸಾಲು ಬಾಣಂತಿಯರಿಗೆ ಗಿಣ್ಣ ಮಾಡಿ ತಿನ್ನಿಸಿದ ಕೈ ಅದು. ಬಿಸಿ ತಗುಲಿದರೆ ಆ ಹಾಲು ಗಡ್ಡೆ ಕಟ್ಟುತ್ತದೆಂದು ಆ ಕೈಗೆ ಗೊತ್ತಿಲ್ಲದೆ ಇಲ್ಲ. ಆದರೆ ಅದು ಒಲೆಯ ಮುಂದಿನ ತಿಳಿವಳಿಕೆ. ಮೋಟಾರಿನ ಮುಂದೆ ಅದು ನೆನಪಿಗೆ ಬರಲಿಲ್ಲ.

“ಸೀಟಿನ ಹೊಟ್ಟ್ಯಾಗ ಗಿಣ್ಣ ಮಾಡಿಟ್ಟೀರಿ. ಬೆಲ್ಲ ಒಂದ ಕಮ್ಮಿ ಆಗೇತಿ,” ಎಂದರು ಹಜರತಬೀ. ಅಷ್ಟು ದಿನದ ಚಿಂತೆಯಲ್ಲಿ ವಿರೂಪಾಕ್ಷಮ್ಮನವರು ಅಂದು ಮೊದಲ ಬಾರಿಗೆ ನಕ್ಕರಂತೆ.

ಕುದಿಯುವ ನೀರಿನಿಂದ ಫಲ ಕಾಣದಾಗ ಮನೆಯವರು ಊದುಬತ್ತಿ ಹಚ್ಚಿದರು, ಲೋಬಾನ ಹಾಕಿದರು. ಕಳಕಪ್ಪನವರು ಅತ್ತರಿನ ಸೀಸೆಯನ್ನೇ ಬಗ್ಗಿಸಿದರು. ಹುಳಿತ ಹಾಲಿನ ವಾಸನೆಗೆ ಅತ್ತರಿನ ವಾಸನೆ ಸೇರಿತು. ಗಂಡಸರೂ ಗಾಜು ಇಳಿಸಿ ಮುಖ ಹೊರಗೆ ಹಾಕಿಕೊಂಡು ಕೂಡುವಂತಾಯಿತು. ಗದಗಿನ ದಾರಿಯ ಸುಂಕದ ನಾಕಾದಲ್ಲಿ ಕಾವಲಿನವನು ಕಿಟಕಿಯೊಳಗೆ ಮೂಗು ತೂರಿಸಿ, ಕದ್ದು ತುಪ್ಪ ಸಾಗಿಸುತ್ತಿದ್ದಾರೆಂಬ ಗುಮಾನಿಯಿಂದ ಗಾಡಿಯಲ್ಲಿದ್ದವರನ್ನೆಲ್ಲ ಇಳಿಸಿ ಜಪ್ತಿಗೆ ತಡಕಾಡಿದ. ಅರ್ಧ ಮಧ್ಯಾಹ್ನ ಅಲ್ಲಿಯೇ ಹೋಯಿತು. ಬೇನೆ ತಿನ್ನುವ ಹೆಂಗಸು ಒಳಗಿದ್ದಾಗ ಹೀಗಾದರೆ ಗತಿಯೇನು ಎಂದು ಗಾದಿಲಿಂಗಪ್ಪನಿಗೆ ಅಂದಿನಿಂದ ಊಟ ಸೇರುತ್ತಿಲ್ಲ. ಕೊಡವನ್ನು ಸೀಟಿನ ಮೇಲಿಟ್ಟವನು ತಾನಲ್ಲವೇ ಎಂಬ ಸಂಕಟ ಬೇರೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲ್ಲೂಕುಗಳಲ್ಲಿ ಮೋಟಾರು ಇಟ್ಟವರು ಎಷ್ಟು ಜನ? ಆ ಕೆಲವರ ಗಾಡಿಯೊಳಗೂ ಊಟದ ಗಂಟು, ಬುತ್ತಿ, ಕೊಡಗಳು ಪ್ರಯಾಣ ಮಾಡುತ್ತವೆ. ನಮ್ಮ ರಸ್ತೆಗಳಲ್ಲಿ ಅವು ಚೆಲ್ಲದೆ ಇರುವುದಿಲ್ಲ. ಚೆಲ್ಲಿದ್ದು ಹಳಸಿ, ಏನು ಮಾಡಿದರೂ ವಾಸನೆ ಬಿಡದೆ ಹೋದಾಗ ಡ್ರೈವರರು ದಾರಿ ಕೇಳುವುದು ಕುಕನೂರಿನ ಪಿಂಜಾರ ಓಣಿಗೆ. ಗಂಗಾವತಿಯ ಗಾಡಿಗಳು ಹೊಳೆಯ ಮೀನಿನ ವಾಸನೆ ಹೊತ್ತು ಬರುತ್ತವೆ. ಕುಷ್ಟಗಿಯಿಂದ ಬಂದರೆ ಕಮಟು ಹಿಡಿದ ಕುಸುಬಿ ಎಣ್ಣೆ. ಕೊಪ್ಪಳದವಾದರೆ ರೈಲಿಗೆ ಹೋಗಿಬರುವವರ ಬುತ್ತಿಯ ಬಳ್ಳೊಳ್ಳಿ ಚಟ್ನಿ, ಮೊಸರನ್ನ. ತಿಂಗಳಿಗೆ ಒಂದೆರಡು ಗಾಡಿ ಬಂದರೆ ಹೆಚ್ಚು. ಮದುವೆಯ ದಿನಗಳಲ್ಲಿ ಮಾತ್ರ ಒಂದರ ಹಿಂದೊಂದು. ಉಳಿದ ದಿನ ಹಜರತಬೀ ಮಾಡುವುದು ಮನೆತನದ ಕೆಲಸ: ಅರಳೆ ಹಿಂಜಿ ಗಾದಿ, ದಿಂಬು ತುಂಬುವುದು.

ಈ ಕೆಲಸ ಅವರಿಗೆ ಬಂದದ್ದೂ ಗಾದಿಯಿಂದಲೇ. ಯಾರೋ ಅಧಿಕಾರಿಯ ಮೋಟಾರಿನ ಸೀಟು ಕುಸಿದಿದೆ, ಹೊಸದಾಗಿ ತುಂಬಿಕೊಡಬೇಕೆಂದು ಅವರ ಗಂಡ ಜಿಲಾನಸಾಬನನ್ನು ಕರೆದಿದ್ದರು. ಸೀಟಿನ ಚರ್ಮ ಬಿಚ್ಚಿದಾಗ ಒಳಗೆ ತೆಂಗಿನ ನಾರು, ಕುದುರೆಯ ಕೂದಲು, ಮೇಲೊಂದು ಪದರ ಅರಳೆ. ನಡುವೆ ಎಂದೋ ಬಿದ್ದ ಸಾರಿನ ಕಲೆ. ನಾರು ತೊಳೆದು ಅರಳೆ ಬದಲಿಸಿ ಹೊಲಿದುಕೊಟ್ಟ. ಸೀಟು ಎದ್ದು ಕೂತಿತು. ಜೊತೆಗೆ, ಆ ಅಧಿಕಾರಿ ಮುಚ್ಚಿಹಾಕಲು ಹೆಣಗುತ್ತಿದ್ದ ವಾಸನೆಯೂ ಹೋಯಿತು. ಮಾತು ಡ್ರೈವರರ ಬಾಯಿಂದ ಬಾಯಿಗೆ ಹರಡಿತು. ಅರಳೆಯ ಧೂಳು ಎದೆಗೆ ಕುಳಿತು ಜಿಲಾನಸಾಬ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ, ಗೋಡೆಗೆ ಒರಗಿದ್ದ ಅವನ ಅರಳೆ ಹಿಂಜುವ ಬಿಲ್ಲನ್ನು ಹಜರತಬೀ ಕೈಗೆತ್ತಿಕೊಂಡರು. ಹೆಂಗಸು ಬಿಲ್ಲು ಹಿಡಿಯುವುದೇ ಎಂದು ಕೆಲವರು ಅಂದರು. ಕೆಲಸ ಕೊಟ್ಟವರೂ ಅವರೇ.

ಮೋಟಾರು ಬಂದ ದಿನ ಎದುರುಮನೆಯ ಸೈದಾನಬಿ ಹೊಸ್ತಿಲಲ್ಲಿ ನಿಂತು ಕೆಣಕುವುದು ಇನ್ನೂ ತಪ್ಪಿಲ್ಲ.

“ಏನ ಹಜರತ್, ಇವತ್ತ ಯಾವ ಸಾವುಕಾರನ ಎಂಜಲ ಮೂಸಾಕತ್ತಿ?”

“ಮೂಸಿದ್ರ ಹೊಟ್ಟಿ ತುಂಬೂದಿಲ್ಲಬೇ, ಅದಕ ಮತ್ತ ಮತ್ತ ಮೂಸತೀನಿ. ಬಾ, ನೀನೂ ಒಂದ ತುತ್ತು ಮೂಸು.”

ಅವರ ಕೆಲಸದಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಇದೆ. ಮೊದಲು ಸೀಟನ್ನು ಹೊರಗೆ ತೆಗೆಯುತ್ತಾರೆ. ತಳದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ ತೆಂಗಿನ ಚಿಪ್ಪಿನಲ್ಲಿ ಹಾಕಿಡುತ್ತಾರೆ, ಯುದ್ಧ ಶುರುವಾದಾಗಿನಿಂದ ಮೊಳೆ ಸಿಗುವುದಿಲ್ಲ. ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿಗೆ ಹಾಕುತ್ತಾರೆ, ಬಿಸಿಲಿಗೆ ಹಾಕಿದರೆ ಸೀಳುತ್ತದೆ. ನಾರನ್ನೂ ಕೂದಲನ್ನೂ ತಣ್ಣೀರಿನಲ್ಲಿ ನೆನೆಸಿ, ಅಂಟವಾಳದ ನೊರೆಯಲ್ಲಿ ಹಿಂಡಿ, ನೀರು ತಿಳಿಯಾಗುವವರೆಗೆ ಜಾಲಾಡಿಸಿ ಬಿಸಿಲಿಗೆ ಹರವುತ್ತಾರೆ. ಹಳೆಯ ಅರಳೆಯನ್ನು ಮಾತ್ರ ಉಳಿಸಿಕೊಳ್ಳುವುದಿಲ್ಲ. ಅರಳೆ ಏನನ್ನೂ ಮರೆಯುವುದಿಲ್ಲ ಎಂಬುದು ಅವರ ಮಾತು. ಕೊನೆಗೆ, ಸೀಟಿನಡಿಯಲ್ಲಿ ಇದ್ದಲಿಯ ಗಂಟುಗಳನ್ನಿಟ್ಟು ಗಾಡಿಯ ಬಾಗಿಲು ಹಾಕುತ್ತಾರೆ. ಉಳಿದ ವಾಸನೆಯನ್ನು ಇದ್ದಲಿ ಕುಡಿಯುತ್ತದೆ. ಪೆಟ್ರೋಲು ಇಲ್ಲದೆ ನಮ್ಮ ಬಸ್ಸುಗಳು ಈಗ ಇದ್ದಲಿಯ ಗ್ಯಾಸಿನಿಂದ ಓಡುತ್ತಿವೆಯಲ್ಲ, ಅವು ನಿಲ್ಲುವಲ್ಲಿ ಬಿದ್ದ ಚೂರುಗಳೇ ಅವರಿಗೆ ಸಾಕು.

ಕಳಕಪ್ಪನವರ ಗಾಡಿಗೂ ಇದೆಲ್ಲ ಆಗಿದೆ. ಸೀಟಿನ ನಾರಿನೊಳಗಿಂದ ಗಿಣ್ಣದ ಗಡ್ಡೆಗಳನ್ನು ಕೈಯಿಂದ ಬಿಡಿಸಿ ತೆಗೆದಿದ್ದಾರೆ. ಸೀಟು ಈಗ ಒಣಗಿದ ಹುಲ್ಲಿನಂತೆ ಘಮ್ಮೆನ್ನುತ್ತದೆ. ಆದರೂ ಮುಂಜಾನೆ ಬಾಗಿಲು ತೆರೆದರೆ ಎಲ್ಲಿಂದಲೋ ಆ ಹುಳಿಯ ಎಳೆ. ಕಾಲಿನಡಿಯ ಹಲಗೆಗಳನ್ನು ಎಬ್ಬಿಸಿ ಉಜ್ಜಿದ್ದಾಯಿತು, ಬಾಗಿಲಿನ ಸಂದುಗಳನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ್ದಾಯಿತು. ಮತ್ತೆ ಇಂದು ಬೆಳಿಗ್ಗೆ, ಇನ್ನೂ ಇದೆ.

ಇಷ್ಟು ದಿನ ಯಾವ ಗಾಡಿಯೂ ಅವರನ್ನು ಹೀಗೆ ಸತಾಯಿಸಿಲ್ಲ. ನಿನ್ನೆ ಸಂಜೆ ಕಳಕಪ್ಪನವರೇ ಬಂದು ನಿಂತು, ನಿಮ್ಮಿಂದಾಗದಿದ್ದರೆ ಹೇಳಿಬಿಡಿ, ಹುಬ್ಬಳ್ಳಿಯಿಂದ ಬೇರೆ ಸೀಟು ತರಿಸುತ್ತೇನೆ ಎಂದು ಮೆಲ್ಲಗೆ ಅಂದುಹೋಗಿದ್ದಾರೆ. ಸೀಟು ಬರುವವರೆಗೆ ಬೇನೆ ಕಾಯುವುದಿಲ್ಲವೆಂದು ಅವರಿಗೂ ಗೊತ್ತು, ಇವರಿಗೂ ಗೊತ್ತು.

ಹಜರತಬೀ ಬಿಟ್ಟುಕೊಡದಿರಲು ಇನ್ನೊಂದು ಕಾರಣವಿದೆ. ಅದನ್ನು ಅವರು ಹೇಳಿಕೊಳ್ಳುವುದು ಕಡಿಮೆ. ಅವರ ಒಬ್ಬಳೇ ಮಗಳು ಹಮೀದಾಬಿಯನ್ನು ಹುಲಿಹೈದರಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ಕಷ್ಟವಾದಾಗ ಅವಳನ್ನೂ ಚಕ್ಕಡಿಯಲ್ಲಿಯೇ ಕರೆದೊಯ್ದರು. ಚಕ್ಕಡಿಗೆ ಹಾಸಿದ್ದು ಈ ತಾಯಿ ತುಂಬಿಕೊಟ್ಟ ಗಾದಿ. ಹಮೀದಾಬಿಗೂ ಅವಳ ಕೂಸಿಗೂ ಆಯುಷ್ಯ ಅಷ್ಟೇ ಇತ್ತು. “ಅಲ್ಲಾ ಕೊಟ್ಟಿದ್ದ, ಅಲ್ಲಾ ಇಸಗೊಂಡ,” ಎಂದು ಹೇಳಿ ಹಜರತಬೀ ಕೈಯಲ್ಲಿದ್ದ ಕೆಲಸಕ್ಕೆ ತಿರುಗುತ್ತಾರೆ. ಬಲ್ಲವರು ಮತ್ತೆ ಕೇಳುವುದಿಲ್ಲ.

ಈಗ ಬಿಸಿಲು ಅಂಗಳಕ್ಕೆ ಇಳಿದಿದೆ. ಅವರು ನೆಲದ ಮೇಲೆ ಕುಳಿತು ಗಾಡಿಯನ್ನೇ ನೋಡುತ್ತಿದ್ದಾರೆ. ಗಾದಿಲಿಂಗಪ್ಪ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾನೆ. ಅವನ ತೊಡೆಯ ಪಕ್ಕದಲ್ಲಿ ಕಂಬಳಿಯ ತುಂಡಿನಲ್ಲಿ ಸುತ್ತಿದ ಗಾಡಿ ರಿಪೇರಿಯ ಸಾಮಾನಿದೆ. ಪಾನಾ, ಇಕ್ಕಳ, ಸುತ್ತಿಗೆ, ಈಗಿನ ದಿನದಲ್ಲಿ ಕಳೆದರೆ ಮತ್ತೆ ಸಿಗದ ವಸ್ತುಗಳು. ಕೆಲಸ ಶುರುವಾಗುವ ಮುಂಚೆ ನೀರು ತಾಗೀತೆಂದು ಅದನ್ನು ಹಿಂದಿನ ಸೀಟಿನ ಕೆಳಗಿನಿಂದ ತೆಗೆದು ಪಕ್ಕದಲ್ಲಿಟ್ಟುಕೊಳ್ಳುತ್ತಾನೆ. ಸಂಜೆ ಮನೆಗೆ ಹೋಗುವಾಗ ಜೋಪಾನವಾಗಿ ಅಲ್ಲಿಯೇ ಸೇರಿಸಿ ಹೋಗುತ್ತಾನೆ. ಒಂದು ದಿನವೂ ಈ ಕ್ರಮ ತಪ್ಪಿಸಿಲ್ಲ.

ಹಜರತಬೀಯ ಕಣ್ಣಿಗೆ ಇರುವೆಯ ಸಾಲೊಂದು ಬೀಳುತ್ತದೆ. ಇರುವೆಗಳು ಮೋಟಾರಿನ ಕಡೆ ಹೋಗುತ್ತಿಲ್ಲ. ಚಕ್ರವನ್ನು ಬಳಸಿ, ಅಂಗಳ ದಾಟಿ, ಕಟ್ಟೆ ಏರಿ, ಗಾದಿಲಿಂಗಪ್ಪನ ಪಕ್ಕದ ಕಂಬಳಿಯ ಮಡಿಕೆಯೊಳಗೆ ಇಳಿಯುತ್ತಿವೆ.

ಎದ್ದು ಹೋಗಿ ಕಂಬಳಿ ಬಿಚ್ಚುತ್ತಾರೆ. ಮೇಲಕ್ಕೆ ಪೆಟ್ರೋಲು, ಗ್ರೀಸಿನ ವಾಸನೆ. ಒಳಮಡಿಕೆಯಲ್ಲಿ ಉಣ್ಣೆ ಬಿರುಸಾಗಿ, ಹಳದಿಯಾಗಿ, ಬೆಲ್ಲದ ಪುಡಿ ಅಂಟಿಕೊಂಡು ಕುಳಿತಿದೆ. ಮಗುಚಿದ ಕೊಡದ ಹಾಲು ಸೀಟಿನ ಸಂದಿನಿಂದ ಇಳಿದು ಈ ಕಂಬಳಿಯಲ್ಲಿ ನಿಂತಿದೆ. ಕಂಬಳಿಯ ಜೊತೆ ವಾಸನೆಯೂ ಗಾಡಿಯಿಂದ ದಿನಾ ಇಳಿದು, ದಿನಾ ಮತ್ತೆ ಏರಿದೆ.

ಹಜರತಬೀ ಕಂಬಳಿಯನ್ನು ಮೂಗಿನ ಹತ್ತಿರ ಹಿಡಿದು, ಇಳಿಸಿ, ನಗಲು ಶುರುಮಾಡುತ್ತಾರೆ. ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಾರೆ.

“ಸೀಟು ಮೂಸಿದೆ, ಹಲಿಗಿ ಮೂಸಿದೆ, ಬಾಗಲಾ ಮೂಸಿದೆ. ನಿನ್ನ ಒಬ್ಬನ್ನ ಮೂಸಲಿಲ್ಲ ನೋಡು.”

“ಅಕ್ಕಾ, ಧಣ್ಯಾರಿಗೆ ಏನಂತ ಹೇಳಲಿ?”

“ಏನ ಹೇಳತಿ? ವಾಸನಿ ಇತ್ತು, ಹೋತು ಅಂತ ಹೇಳು. ಎಲ್ಲಿತ್ತು ಅಂತ ಯಾರ ಕೇಳತಾರ.”

ಕಂಬಳಿ ತಿಪ್ಪೆಗೆ ಹೋಗುತ್ತದೆ. ಸಾಮಾನುಗಳನ್ನು ಬೂದಿಯಿಂದ ಉಜ್ಜಿ, ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತುತ್ತಾರೆ. ಇದ್ದಲಿಯ ಗಂಟುಗಳನ್ನು ಬದಲಿಸಿ, ಗಾಜು ಏರಿಸಿ, ಸಂಜೆ ಬಾಗಿಲು ಹಾಕುತ್ತಾರೆ.

ಮರುದಿನ ಬೆಳಿಗ್ಗೆ ಗಾದಿಲಿಂಗಪ್ಪ ಬರುವಾಗಲೇ ಅವರು ಗಾಡಿಯೊಳಗೆ ತಲೆ ಹಾಕಿದ್ದಾರೆ. ಬಹಳ ಹೊತ್ತು ಹೊರಗೆ ತೆಗೆಯುವುದಿಲ್ಲ. ಆಮೇಲೆ ಬಾಗಿಲನ್ನು ಪೂರಾ ತೆರೆದಿಟ್ಟು, ಅವನ ಮುಖವನ್ನೂ ನೋಡದೆ ಒಳಗೆ ಹೋಗಿ ಒಲೆ ಹೊತ್ತಿಸುತ್ತಾರೆ.

“ಚಾ ಕುಡೀತಿ ಏನು?” ಎಂದು ಒಳಗಿನಿಂದ ಧ್ವನಿ ಬರುತ್ತದೆ.

ಗಾದಿಲಿಂಗಪ್ಪ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ನಾಲ್ಕು ತಾಲ್ಲೂಕಿನ ಡ್ರೈವರರಿಗೆಲ್ಲ ಗೊತ್ತು: ಹಜರತಬೀಯ ಒಲೆಯಿಂದ ಹೊಗೆ ಎದ್ದಿತೆಂದರೆ ಗಾಡಿ ಒಯ್ಯಬಹುದು.

ಅಂದೇ ವಿರೂಪಾಕ್ಷಮ್ಮನವರು ಸೊಸೆಯ ತೋಳು ಹಿಡಿದು ನಡೆಸಿಕೊಂಡು ಬರುತ್ತಾರೆ. ಓಣಿಯ ಹೆಂಗಸರೆಲ್ಲ ಹೊಸ್ತಿಲಲ್ಲಿ ನಿಂತಿದ್ದಾರೆ. ಪಂಪಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಗಾಡಿ ಹತ್ತುತ್ತಾಳೆ, ಅಂಜುತ್ತ ಕುಳಿತುಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಸೆರಗು ತಾನಾಗಿಯೇ ಕೆಳಗಿಳಿಯುತ್ತದೆ. ಬಾಗಿಲು ಹಾಕಿರೆಂದು ಸನ್ನೆ ಮಾಡುತ್ತಾಳೆ. ಹಾಕುತ್ತಾರೆ. ಗಾಜಿನ ಆಚೆ ಅವಳು ಸೀಟಿಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಉಸಿರು ಬಿಡುವುದು ಕಾಣುತ್ತದೆ. ವಿರೂಪಾಕ್ಷಮ್ಮನವರು ಊರ ಮಹಾಮಾಯೆಯ ಗುಡಿಯ ದಿಕ್ಕಿಗೆ ಕೈಮುಗಿದವರು, ಅದೇ ಕೈಗಳನ್ನು ಹಜರತಬೀಯ ಕಡೆಗೂ ತಿರುಗಿಸುತ್ತಾರೆ. ಹಜರತಬೀ ನಾಚಿಕೊಂಡು ಒಳಗೆ ಹೋಗಿಬಿಡುತ್ತಾರೆ.

ದೇವರು ಹೊತ್ತನ್ನು ಚೆನ್ನಾಗಿಯೇ ನೋಡಿಕೊಂಡಿದ್ದ. ಆ ವಾರ ಮುಗಿಯುವ ಮೊದಲೇ ಒಂದು ಮುಂಜಾನೆ ಬೇನೆ ಸಣ್ಣಗೆ ಕಾಣಿಸಿಕೊಂಡಿತು. ಬೀಗದ ಪೆಟ್ರೋಲು ಹೊರಗೆ ಬಂತು. ನಾಕಾದಲ್ಲಿ ಅದೇ ಕಾವಲಿನವನು ಗಾಡಿ ನಿಲ್ಲಿಸಿದ, ಕಿಟಕಿಯೊಳಗೆ ಮೂಗು ತೂರಿಸಿದ, ಏನೂ ಸಿಗದೆ ಕೈಬೀಸಿ ಬಿಟ್ಟ. ಗಾದಿಲಿಂಗಪ್ಪ ಅವನಿಗೆ ಮನಸ್ಸಿನಲ್ಲೇ ಸಲಾಮು ಹೊಡೆದನಂತೆ. ಅತ್ತೆಯ ಭುಜಕ್ಕೆ ಒರಗಿದ್ದ ಪಂಪಾವತಿಗೆ ಬೇನೆಯ ಬಿಡುವಿನಲ್ಲಿ ನಿದ್ದೆಯೂ ಹತ್ತಿತ್ತು. ಗದಗಿನಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿದೆ. ತಾಯಿ, ಮಗಳು ಇಬ್ಬರೂ ಸುಖವಾಗಿ ಮನೆಗೆ ಬಂದಿದ್ದಾರೆ.

ಈಗ ಕಳಕಪ್ಪನವರ ಮನೆಯ ಎಮ್ಮೆಯೂ ಈದಿದೆ. ಗಾದಿಲಿಂಗಪ್ಪ ಒಂದು ತಂಬಿಗೆ ಗಿಣ್ಣದ ಹಾಲನ್ನು ಎರಡೂ ಕೈಯಲ್ಲಿ ಹಿಡಿದು, ಊರ ಆ ತುದಿಯಿಂದ ನಡೆದೇ ಬಂದಿದ್ದಾನೆ. ಮೋಟಾರು ಖಾಲಿ ಇರಲಿಲ್ಲವೇ ಎಂದು ಸೈದಾನಬಿ ಹೊಸ್ತಿಲಿನಿಂದಲೇ ಕೇಳುತ್ತಾಳೆ.

“ಇತ್ತಬೇ. ಧೈರ್ಯ ಇರಲಿಲ್ಲ,” ಎನ್ನುತ್ತಾನೆ ಅವನು.

ಹಬೆಯಲ್ಲಿ ಬೆಂದ ಗಿಣ್ಣ ಓಣಿಯ ಮನೆಮನೆಗೂ ಹಂಚಿಕೆಯಾಗುತ್ತದೆ. ಹಾಲು ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ರೂಢಿ ಇಲ್ಲ. ಹಜರತಬೀ ತಂಬಿಗೆಯನ್ನು ತೊಳೆದು ಒಣಗಿಸಿ, ಅದರೊಳಗೆ ಅಂಗೈಯಗಲದ ಒಂದು ದಿಂಬು ಇಡುತ್ತಾರೆ. ಕೂಸಿನ ತಲೆ ದುಂಡಗಾಗಲೆಂದು ಸಾಸಿವೆ ತುಂಬಿ ಹೊಲಿದದ್ದು. ಅದರ ಬಟ್ಟೆ ಹಮೀದಾಬಿಯ ಹಳೆಯ ಕುಪ್ಪಸದ್ದು, ಮೆತ್ತಗೆ ಸವೆದ ಹಸಿರು ಬಟ್ಟೆ. ಅದನ್ನು ಅವರು ಯಾರಿಗೂ ಹೇಳಿಲ್ಲ. ಹೊಲಿಯುವಾಗ ನೋಡಿದ ಸೈದಾನಬಿಯೂ ಅಂದು ಕೆಣಕಲಿಲ್ಲ.

ಏನು ಬೇಕಾದರೂ ಕೇಳಿರೆಂದು ಸಾವುಕಾರರು ಹೇಳಿಕಳಿಸಿದ್ದಾರೆ, ಅವರಿಗೆ ಏನು ಬೇಕೆಂದು ಹೇಳಲಿ ಎಂದು ಗಾದಿಲಿಂಗಪ್ಪ ತಂಬಿಗೆ ಎತ್ತಿಕೊಳ್ಳುತ್ತ ಕೇಳುತ್ತಾನೆ. ಹಜರತಬೀ ಬಿಲ್ಲಿನ ಹೆದೆಯನ್ನು ಬೆರಳಿನಿಂದ ಮೀಟಿ ನೋಡುತ್ತಾರೆ. ಅರಳೆಯ ರಾಶಿ ಪಕ್ಕದಲ್ಲಿ ಕಾಯುತ್ತಿದೆ.

“ಆ ಕೂಸು ದೊಡ್ಡದಾಗಲಿ. ಅದ ಮೋಟಾರನ್ಯಾಗ ಕುಂತು ಗಿಣ್ಣ ತಿನ್ನಲಿ. ಚೆಲ್ಲಿದ್ರ ಚೆಲ್ಲಲಿ, ಯಾರೂ ಬೈಬ್ಯಾಡ್ರಿ. ತಣ್ಣೀರು ಹಾಕ್ರಿ ಅಂತ ಅಷ್ಟ ಹೇಳು.”